ಸೋತವರ ಸ್ಥಾನ

ಅಮೆರಿಕದ ಕಾಲ್ಚೆಂಡಾಟದ ಪದ್ಧತಿಯನ್ನು ಮೊಮ್ಮಗನು ಮೊನ್ನೆ ನಮ್ಮ ಸಿರಿಗೆರೆಯ ಜಗಲಿಯಲ್ಲಿ ಕುಳಿತು ವಿವರಿಸುತ್ತಿದ್ದನು. 1996ರಲ್ಲಿ ಆಟವಾರಂಭಿಸಿದ ಅವರ ಮೇಜರ್ ಲೀಗಿನಲ್ಲಿ ಕಟ್ಟಕಡೆಯ ತಂಡವೂ ಕೆಳಗಿನ ಶ್ರೇಣಿಗೆ ಇಳಿಯುವುದಿಲ್ಲವಂತೆ. ಹಣ ತೆತ್ತು ಸೇರಿದವರು ಸೋತರೂ ಅಲ್ಲಿಯೇ ಇರುವರು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಾದರೋ ಪ್ರತಿವರ್ಷವೂ ಕೊನೆಯ ಮೂರು ತಂಡಗಳಿಗೆ ಅಧಃಪತನವು ತಪ್ಪದು. ನಮ್ಮ ಬೆಂಗಳೂರು ತಂಡವು 2014ರಲ್ಲಿ, ತನ್ನ ಮೊದಲ ಋತುವಿನಲ್ಲಿಯೇ, ಐ-ಲೀಗನ್ನು ಗೆದ್ದಿತ್ತು. ಆದರೂ 2017ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಪ್ರವೇಶ ದೊರೆತುದು ಬಿಡ್ ಸಲ್ಲಿಸಿದ ಮೇಲೆಯೇ.

"ಇಂಗ್ಲೆಂಡಿನದೇ ನ್ಯಾಯ, ಅಲ್ಲವೇ ಅಜ್ಜಾ?" ಎಂದನು.

ನಾನು ಉತ್ತರ ಕೊಡಲಿಲ್ಲ. ಸಂಸ್ಕೃತದಲ್ಲಿ ಎರಡು ಅಂಕ ಕಡಮೆಯಾಯಿತೆಂದು ನಾನು ಹಿಂದೊಮ್ಮೆ ಅನುತ್ತೀರ್ಣಗೊಳಿಸಿದ ಬಾಲಕನೊಬ್ಬನು ಮತ್ತೆ ಶಾಲೆಯ ಮೆಟ್ಟಿಲನ್ನು ಹತ್ತಲಿಲ್ಲ. ನಿಯಮದಲ್ಲಿ ದೋಷವಿರಲಿಲ್ಲ. ಸಂತೆಯಲ್ಲಿ ಕಂಡರೆ ಅವನು ಈಗಲೂ ಕೈಮುಗಿಯುತ್ತಾನೆ; ಬೇರೆ ದಾರಿ ಹಿಡಿಯುವವನು ನಾನು.