ಪೆಟ್ಟಿಗೆಯೊಳಗಿನ ಕಂಬಳಿ

ನಮ್ಮ ನಾಡಿನಲ್ಲಿ ಬಿಸಿಲಿಗೆ ಹೆಸರಿದೆ, ಮಳೆಗೆ ಹೆಸರಿದೆ. ಚಳಿಗೆ ಮಾತ್ರ ಅಷ್ಟೊಂದು ಮರ್ಯಾದೆಯಿಲ್ಲ. ಬೀದರದಲ್ಲಿ ವಿಪರೀತ ಥಂಡಿ ಎಂದು ಬೆಂಗಳೂರಿನ ಗೆಳೆಯರಿಗೆ ಹೇಳಿದರೆ ನಗುತ್ತಾರೆ. ಬಿಸಿಲೂರಿನಲ್ಲಿ ಅದೆಂಥ ಚಳಿಯಯ್ಯಾ ಎಂಬುದು ಅವರ ವಾದ. ಅಂಥವರು ಡಿಸೆಂಬರಿನ ಒಂದು ಬೆಳಗಿನ ಜಾವ ಇಲ್ಲಿ ರೈಲು ಇಳಿಯಬೇಕು. ಎರಡು ಸಾವಿರ ಅಡಿಗೂ ಮಿಕ್ಕಿದ ಎತ್ತರದ ಜಂಬಿಟ್ಟಿಗೆಯ ಬಯಲು. ಮೋಡದ ಹೊದಿಕೆಯಿಲ್ಲದ ಒಣ ಆಕಾಶ. ಹಗಲೆಲ್ಲ ನೆಲ ಕುಡಿದ ಬಿಸಿ ರಾತ್ರಿ ಹೇಳಹೆಸರಿಲ್ಲದೆ ಹಾರಿಹೋಗುತ್ತದೆ. ಕೆಲವು ದಿನ ಉಷ್ಣತೆ ೧೦ ಡಿಗ್ರಿಗಿಂತ ಕೆಳಗಿಳಿಯುವುದೂ ಉಂಟು.

ಚಳಿಯ ದೇಶದವರಿಗೆ ಇದೇನು ಮಹಾ ಎನ್ನಿಸೀತು. ಆದರೆ ಅವರು ಮನೆಯನ್ನು ಕಾಯಿಸಿಕೊಂಡು ಕೂಡುತ್ತಾರೆ. ಚಳಿಗಾಲದಲ್ಲಿ ಮನೆಯ ಒಳಗೆ ೧೮ ಡಿಗ್ರಿಯಾದರೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೮ರಲ್ಲಿ ಹೇಳಿತು. ತಗಡಿನ ಮಾಡು, ಕಲ್ಲುಹಾಸಿನ ನೆಲ ಇದ್ದ ಮನೆಯಲ್ಲಿ ಒಳಗೇನು, ಹೊರಗೇನು! ೨೦೧೫ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ೧೩ ದೇಶಗಳ ಸಾವುಗಳ ಲೆಕ್ಕ ಪ್ರಕಟವಾಯಿತು. ನೂರು ಸಾವುಗಳಲ್ಲಿ ಏಳಕ್ಕೂ ಹೆಚ್ಚು ಚಳಿಯ ಪಾಲಿಗೆ. ಬಿಸಿಲಿನ ಪಾಲು ಒಂದರ ಅರ್ಧಕ್ಕೂ ಕಡಿಮೆ. ಅದರಲ್ಲಿಯೂ ಹೆಚ್ಚು ಜನರನ್ನು ಒಯ್ದದ್ದು ಘೋರ ಚಳಿಯಲ್ಲ, ಯಾರೂ ಲಕ್ಷ್ಯಕ್ಕೆ ತಾರದ ಸಾಧಾರಣ ಚಳಿ.

ನಮ್ಮ ಓಣಿಯ ಕೊನೆಯಲ್ಲಿ ಒಬ್ಬ ಆಯಿ ಇದ್ದಾರೆ. ಎಂಬತ್ತರ ಆಚೆಗಿನ ವಯಸ್ಸು. ಮಗ ಹೈದರಾಬಾದಿನಲ್ಲಿ ನೌಕರಿ ಮಾಡುತ್ತಾನೆ. ಈಕೆ ಮನೆ ಬಿಟ್ಟು ಕದಲುವವರಲ್ಲ. "ಆಯಿ, ಥಂಡಿ ಹತ್ತೋದಿಲ್ಲೇನ್ರಿ?" ಎಂದು ಕೇಳಿದರೆ, "ಥಂಡಿ ಎಲ್ಲಿ ಅದ ತಮ್ಮಾ, ನೀವು ಓದಿದವರಿಗಿ ಎಲ್ಲಾ ಹತ್ತತದ" ಎಂದು ನನ್ನ ಮಫ್ಲರನ್ನು ನೋಡಿ ನಗುತ್ತಾರೆ.

ಇದು ಬರಿಯ ಹಟವೆಂದು ತಿಳಿಯಬಾರದು. ಮುಪ್ಪಿನಲ್ಲಿ ಚರ್ಮದಡಿಯ ಕೊಬ್ಬು ಕರಗಿರುತ್ತದೆ, ಮಾಂಸ ಬತ್ತಿರುತ್ತದೆ, ಮೈ ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿ ಕುಂದಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಚಳಿಯಾಗುತ್ತಿದೆ ಎಂಬ ಸುದ್ದಿಯೇ ಸರಿಯಾಗಿ ತಲೆಗೆ ಮುಟ್ಟುವುದಿಲ್ಲ. ಆದುದರಿಂದ ವೃದ್ಧರನ್ನು ಕೇಳಿ ಉಪಯೋಗವಿಲ್ಲ, ಮುಟ್ಟಿ ನೋಡಬೇಕು. ಅಂಗೈ ತಣ್ಣಗಿದ್ದರೆ ಅಷ್ಟು ಭಯವಿಲ್ಲ. ಸೆರಗಿನ ಒಳಗೆ ಹೊಟ್ಟೆ ತಣ್ಣಗಿದ್ದರೆ ಎಚ್ಚರ. ಮಾತು ತೊದಲಿ, ಮಂಪರು ಕವಿದು, ನಡುಕ ತಾನಾಗಿ ನಿಂತರೆ ಚಳಿ ಹೋಯಿತೆಂದು ಸಮಾಧಾನಪಡುವಂತಿಲ್ಲ. ಮೈಯ ಒಳಗಿನ ಶಾಖ ೩೫ ಡಿಗ್ರಿಗಿಂತ ಇಳಿದಿರಬಹುದು. ಒಡನೆಯೇ ಆಸ್ಪತ್ರೆಗೆ ಸಾಗಿಸಬೇಕು.

ಆಯಿಗೆ ಹೊದಿಕೆಯಿಲ್ಲವೆ? ಇದೆ, ಒಂದಲ್ಲ ಮೂರು. ವರ್ಷಕ್ಕೊಮ್ಮೆ ಯಾರಾದರೂ ದಾನಿಗಳು ಬಂದು, ಕಂಬಳಿಯ ಒಂದು ತುದಿ ತಾವು ಹಿಡಿದು, ಇನ್ನೊಂದು ತುದಿ ಆಕೆಯ ಕೈಗಿತ್ತು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. (ಈ ಸಮಾರಂಭ ಬಹುಮಟ್ಟಿಗೆ ಸಂಕ್ರಾಂತಿ ಕಳೆದ ಮೇಲೆ, ಚಳಿ ಹೊರಡಲು ಗಂಟು ಕಟ್ಟುವಾಗ ನಡೆಯುವುದು ವಾಡಿಕೆ.) ದಾನಿಗಳು ಅತ್ತ ಹೋದೊಡನೆ ಕಂಬಳಿ ಇತ್ತ ಕಬ್ಬಿಣದ ಪೆಟ್ಟಿಗೆ ಸೇರುತ್ತದೆ. ಮೊಮ್ಮಕ್ಕಳು ಬಂದಾಗ ಬೇಕು! ಹಳೆಯ ಸೀರೆಯ ಮಡಿಕೆಯೊಂದೇ ಆಕೆಯ ಪಾಲಿಗೆ.

ನಾನು ವಿಜ್ಞಾನವನ್ನೆಲ್ಲ ಹೇಳಿ ನೋಡಿದೆ. ಆಯಿ ಪುರಾಣ ಕೇಳುವಂತೆ ಭಕ್ತಿಯಿಂದ ಕೇಳಿದರು, ಪೆಟ್ಟಿಗೆ ತೆರೆಯಲಿಲ್ಲ. ಕೊನೆಗೆ ನನ್ನ ಮನೆಯಾಕೆ ಹೋಗಿ, "ಆಯಿ, ಉಣ್ಣೆ ಕಂಬಳಿ ಹಂಗೇ ಇಟ್ರ ಹುಳ ತಿಂತಾವ್ರಿ. ದಿನಾ ಝಾಡಿಸಿ ಹೊದ್ರ ಮಕ್ಕಳು ಬರೋತನಕ ಚಲೋ ಉಳೀತದ" ಎಂದಳು. ಮಾತು ಸುಳ್ಳೇನೂ ಅಲ್ಲ. ಅಲುಗಾಡದೆ ಬಿದ್ದ ಉಣ್ಣೆಗೇ ನುಸಿ ಬೇಗ ಹತ್ತುವುದು. ಅಂದೇ ಪೆಟ್ಟಿಗೆಯ ಬೀಗ ತೆಗೆಯಿತು. ಆಯಿ ಈಗ ಕಂಬಳಿಯನ್ನು ಹೊದೆಯುವುದಿಲ್ಲ, ಹುಳದಿಂದ ಕಾಪಾಡುತ್ತಾರೆ.

ಮೇಲೆ ಹೊದಿಸಿದರೆ ಸಾಲದು, ಕೆಳಗೂ ಬೇಕು. ಕಲ್ಲಿನ ನೆಲ ಬೆನ್ನಿನ ಶಾಖವನ್ನು ರಾತ್ರಿಯಿಡೀ ಹೀರುತ್ತದೆ. ನಮ್ಮ ಕಡೆಯ ಹೆಂಗಸರು ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿಯುವ ಕೌದಿಗೆ ಇದರಲ್ಲಿ ಸಾಟಿಯಿಲ್ಲ. ಪದರಗಳ ನಡುವೆ ಸಿಕ್ಕ ಗಾಳಿಯೇ ಬೆಚ್ಚನೆಯ ಗುಟ್ಟು. ಕೆಳಗೆ ಎರಡು ಕೌದಿ, ತಲೆಗೆ ಟೋಪಿ, ಕಾಲಿಗೆ ಚೀಲ, ಮಲಗುವ ಮುನ್ನ ಬಿಸಿ ಗಂಜಿ. ಇಷ್ಟಕ್ಕೆ ಸಮಾರಂಭ ಬೇಕಿಲ್ಲ. ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮಾತ್ರ ಮುಚ್ಚಿದ ಕೋಣೆಯಲ್ಲಿ ಇಡಲೇಬಾರದು. ಅದರ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರ ಕಾಲ ಬಳಿ ಬಿಸಿನೀರಿನ ಚೀಲವೂ ಬೇಡ. ಸುಟ್ಟರೂ ಅವರಿಗೆ ತಿಳಿಯದು.

ಇನ್ನು ಉಳಿದಿರುವುದು ಸ್ನಾನದ ಜಗಳ. ಧನುರ್ಮಾಸ ಬರುವುದೂ ಡಿಸೆಂಬರಿನ ನಡುವಿನಲ್ಲೇ. ನಸುಕಿನಲ್ಲೆದ್ದು ತಣ್ಣೀರು ಸುರಿದುಕೊಂಡು ಪೂಜೆಗೆ ಕೂಡುವುದು ಆಯಿಯ ಅರವತ್ತು ವರ್ಷದ ನೇಮ. ಥಟ್ಟನೆ ಚಳಿ ತಗಲಿದರೆ ರಕ್ತನಾಳ ಕುಗ್ಗಿ, ರಕ್ತದ ಒತ್ತಡ ಏರುತ್ತದೆ; ಆ ವಯಸ್ಸಿನ ಹೃದಯಕ್ಕೆ ಅದು ಸಣ್ಣ ಪೆಟ್ಟಲ್ಲ. ಬಿಸಿಲೇರಿದ ಮೇಲೆ ಸ್ನಾನ ಮಾಡಿರೆಂದರೆ, ದೇವರು ಅಷ್ಟು ಹೊತ್ತು ಕಾಯುವುದಿಲ್ಲವಂತೆ. ಬಹಳ ಚೌಕಾಶಿಯಾದ ಮೇಲೆ ನೀರು ಕಾಸಲು ಒಪ್ಪಿದ್ದಾರೆ. ಕಟ್ಟಿಗೆ ನಮ್ಮದು, ಒಲೆ ಅವರದು. ನಾಲ್ಕೂವರೆಗೆ ಹೋಗಿ ಒಲೆ ಹೊತ್ತಿಸುವ ಸರದಿ ಈ ವಾರ ನನ್ನದು.