ಕಿಟ್ ಕೊಟ್ಟ ನಿದ್ದೆ

ಪಿಜಿ ಡಾಕ್ಟರು ಅಂದರೆ ನಿದ್ದೆಗೆಟ್ಟವರು ಎಂದೇ ಲೆಕ್ಕ. 2019ರಲ್ಲಿ ನಾನು ಚಂದಕವಾಡಿಯಿಂದ ಮೈಸೂರಿಗೆ ಬಂದು ಅರಿವಳಿಕೆ ಎಂ.ಡಿ.ಗೆ ಸೇರಿದಾಗ ಸೀನಿಯರೊಬ್ಬರು, ‘36 ಗಂಟೆ ನಿಂತುಬಿಟ್ರೆ ಅರ್ಧ ಎಂ.ಡಿ. ಆದಂಗೇ ಕಣಮ್ಮ’ ಅಂದಿದ್ದರು. ಬೆಳಿಗ್ಗೆ ಓಟಿ, ರಾತ್ರಿ ಎಮರ್ಜೆನ್ಸಿ, ಮರುದಿನ ಮತ್ತೆ ಓಟಿ. ವಾರಕ್ಕೆ 48 ಗಂಟೆ ಎಂದು 1992ರ ಕೇಂದ್ರದ ರೆಸಿಡೆನ್ಸಿ ಸ್ಕೀಮಿನಲ್ಲೇ ಇದೆ. ಅದನ್ನು ಬಾಯಿಬಿಟ್ಟು ಕೇಳಿದ ಪಿಜಿಯನ್ನು ನಾನಂತೂ ಕಾಣೆ.

ಈ ರೂಢಿಯನ್ನು ಮುರಿದದ್ದು ಕೋವಿಡ್. ಯಾರಿಗೋ ನಮ್ಮ ಮೇಲೆ ಕನಿಕರ ಹುಟ್ಟಿ ಅಲ್ಲ, ಪಿಪಿಇ ಕಿಟ್ಟಿನ ದೆಸೆಯಿಂದ. ತೊಟ್ಟ ಮೇಲೆ ನೀರು ಕುಡಿಯುವಂತಿಲ್ಲ, ಬಾತ್‌ರೂಮಿಗೆ ಹೋಗುವಂತಿಲ್ಲ. ಒಮ್ಮೆ ಬಿಚ್ಚಿದರೆ ಎಸೆಯಬೇಕು. ಗಾಗಲ್ಸ್ ಮಂಜು ಹಿಡಿದು ರಕ್ತನಾಳ ಕಾಣದು, ಎರಡೆರಡು ಗ್ಲೌಸಿನ ಬೆರಳಲ್ಲಿ ತಡಕಿ ಸೂಜಿ ಹಾಕಬೇಕು. ಗುರುತು ಸಿಗಲೆಂದು ಬೆನ್ನ ಮೇಲೆ ಮಾರ್ಕರಿನಲ್ಲಿ ಹೆಸರು. ಆರು ಗಂಟೆಯ ಮೇಲೆ ಯಾರಿಂದಲೂ ಆಗದು ಎಂದು ಹಿರಿಯರೇ ಒಪ್ಪಿ ಪಾಳಿ ಮಾಡಿದರು. ಹೋಗುವವರು ಬರುವವರಿಗೆ ಒಂದೊಂದು ಬೆಡ್ಡಿನ ವಿಷಯವನ್ನೂ ಒಪ್ಪಿಸಿ ಹೊರಡುತ್ತಿದ್ದರು. ಡಾಕ್ಟರು ಬದಲಾದರೆಂದು ಆಸ್ಪತ್ರೆ ಮುಳುಗಲಿಲ್ಲ. ಹೆದರಿಕೆಯ ಆ ದಿನಗಳಲ್ಲೇ ನಾನು ಕಣ್ತುಂಬ ನಿದ್ದೆ ಮಾಡಿದೆ.

ಎರಡನೇ ಅಲೆ ಅದನ್ನೂ ಕಿತ್ತುಕೊಂಡಿತು. 2021ರ ಏಪ್ರಿಲ್ 18ಕ್ಕಿದ್ದ ನೀಟ್-ಪಿಜಿ ಪ್ರವೇಶ ಪರೀಕ್ಷೆ ಮುಂದೆ ಹೋಗಿ ಸೆಪ್ಟೆಂಬರ್ 11ಕ್ಕೆ ನಡೆಯಿತು. ಕೌನ್ಸೆಲಿಂಗ್ ಶುರುವಾದದ್ದು 2022ರ ಜನವರಿಗೆ. ಅಲ್ಲಿಯ ತನಕ ಹೊಸ ಬ್ಯಾಚ್ ಬರಲೇ ಇಲ್ಲ, ಅವರ ಕೆಲಸವೂ ಇದ್ದವರ ತಲೆಗೇ. 2021ರ ಮೇ 2ರ ರಾತ್ರಿ ನಮ್ಮ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿದು, ಮರುದಿನದ ಹೊತ್ತಿಗೆ 24 ಜನ ತೀರಿಕೊಂಡ ಸುದ್ದಿ ಬಂತು. ಅಲ್ಲಿಂದ ಫೋನು ನಿಲ್ಲಲಿಲ್ಲ. ‘ಒಂದು ಬೆಡ್ ಕೊಡ್ಸವ್ವ’ ಅನ್ನುವವರೆಲ್ಲ ನನ್ನನ್ನು ಎತ್ತಿ ಆಡಿಸಿದವರು. ಬೆಡ್ ಇಲ್ಲವೆನ್ನುವುದಕ್ಕಿಂತ ಕಿಟ್ಟಿನೊಳಗಿನ ಸೆಖೆಯೇ ವಾಸಿ ಅನ್ನಿಸುತ್ತಿತ್ತು. ಅವ್ವ ಮಾತ್ರ ಬೆಡ್ಡಿನ ಸುದ್ದಿ ಎತ್ತದೆ ‘ಉಂಡ್ಯಾ ಕೂಸು?’ ಅಂತ ಕೇಳಿ ಇಟ್ಟುಬಿಡುವಳು. ಇದರ ನಡುವೆ ನಮಗೊಂದು ‘ಒತ್ತಡ ನಿರ್ವಹಣೆ’ಯ ವೆಬಿನಾರ್ ಏರ್ಪಾಡಾಯಿತು. ಉಸಿರಾಟದ ವ್ಯಾಯಾಮ ಹೇಳಿಕೊಟ್ಟರು. ಅರ್ಧ ಜನ ಡ್ಯೂಟಿಯಲ್ಲಿದ್ದರು, ಉಳಿದರ್ಧ ಮಲಗಿದ್ದರು. ಮಲಗಿದವರೇ ಜಾಣರು.

ಅಲೆ ಇಳಿಯಿತು, ಕಿಟ್ ಹೋಯಿತು, 36 ಗಂಟೆಯ ಡ್ಯೂಟಿ ಮರಳಿ ಬಂತು. 2023ರ ಪಿಜಿ ನಿಯಮಾವಳಿ ವಾರಕ್ಕೊಂದು ರಜೆ ಕೊಡಿ ಅನ್ನುತ್ತದೆ, ‘ಕೆಲಸದ ತುರ್ತು ನೋಡಿಕೊಂಡು’. ಆಸ್ಪತ್ರೆಯಲ್ಲಿ ತುರ್ತಿಲ್ಲದ ವಾರ ಯಾವುದೋ! 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ, ವಾರಕ್ಕೆ 74 ಗಂಟೆ ದಾಟಿಸಬೇಡಿ ಎಂದಿತು.

ಈಗ ನಮ್ಮ ವಿಭಾಗದ ರೋಸ್ಟರ್ ಬರೆಯುವವಳು ನಾನೇ. ರಾತ್ರಿ ಪಾಳಿಯವರನ್ನು ಬೆಳಿಗ್ಗೆ ಎಂಟಕ್ಕೆ ಹಾಸ್ಟೆಲಿಗೆ ಅಟ್ಟುತ್ತೇನೆ. ‘ಹಿಂಗಾದ್ರೆ ಇವರು ಕಲಿಯೋದ್ಯಾವಾಗ?’ ಎಂದು ಹಿರಿಯರು ಗೊಣಗುತ್ತಾರೆ. ವೆಂಟಿಲೇಟರ್ ನಡೆಸುವುದನ್ನು ನಾನು ಕಲಿತದ್ದೇ ಆ ಆರು ಗಂಟೆಯ ಪಾಳಿಯಲ್ಲಿ ಅಂದರೆ, ಅದು ಬೇರೆ ಕಾಲ ಬಿಡಮ್ಮ ಅನ್ನುತ್ತಾರೆ.