ಬಿಸಿಲು ನಡೆಯುವ ದಾರಿ

ಕಳೆದ ಮಕರಸಂಕ್ರಮಣದಂದು ಗವಿಪುರದ ಗಂಗಾಧರೇಶ್ವರನ ದರ್ಶನಾರ್ಥವಾಗಿ ನಾವು ಬೆಂಗಳೂರಿಗೆ ಹೋಗಿದ್ದೆವು. ಅಲ್ಲಿಯ ವಿಶೇಷವು ಸಂಜೆಗೆ. ಹಗಲು ಬಿಡುವಿದ್ದುದರಿಂದ, ಹಳೆಯ ಪೇಟೆಯಲ್ಲಿ ವಾಸಿಸುವ ನಮ್ಮ ಶಿಷ್ಯರೊಬ್ಬರನ್ನು ಕಾಣಲು ಹೊರಟೆವು.

1537ರಲ್ಲಿ ಕೆಂಪೇಗೌಡರು ಸ್ಥಾಪಿಸಿದರೆಂದು ಪ್ರಸಿದ್ಧವಾದ ಈ ಪೇಟೆಯಲ್ಲಿ ದೊಡ್ಡಪೇಟೆಯು ಉತ್ತರದಕ್ಷಿಣವಾಗಿಯೂ, ಚಿಕ್ಕಪೇಟೆಯು ಪೂರ್ವಪಶ್ಚಿಮವಾಗಿಯೂ ಹಾಯ್ದು ಒಂದನ್ನೊಂದು ಸಂಧಿಸುತ್ತವೆ. ಊರು ಕಟ್ಟುವ ಮುನ್ನ ನೆಲದಲ್ಲಿ ಶಂಕುವನ್ನು ನೆಟ್ಟು, ಅದರ ನೆರಳಿನಿಂದ ದಿಕ್ಕುಗಳನ್ನು ನಿರ್ಣಯಿಸಬೇಕೆಂದು ನಮ್ಮ ವಾಸ್ತುಗ್ರಂಥವಾದ ಮಾನಸಾರವು ವಿಧಿಸುತ್ತದೆ. ಅಂದರೆ ಪುರನಿರ್ಮಾಣಕ್ಕೆ ಮೊದಲನೆಯ ಸಾಕ್ಷಿ ಸೂರ್ಯನೇ.

ಆದರೆ ಶಿಷ್ಯರ ಓಣಿಯಲ್ಲಿ ಆ ಸಾಕ್ಷಿಗೆ ಪ್ರವೇಶವಿರಲಿಲ್ಲ. ಮಟಮಟ ಮಧ್ಯಾಹ್ನದಲ್ಲಿ ದೀಪವನ್ನು ಹಾಕಿಕೊಂಡು ಮಕ್ಕಳು ಓದುತ್ತಿದ್ದರು. ಅವರ ವೃದ್ಧಮಾತೆಯು, “ಎರಡು ವರ್ಷವಾಯಿತು ಮೇಷ್ಟ್ರೇ, ಜಗಲಿಗೆ ಬಿಸಿಲು ಬಂದು. ಸಂಡಿಗೆ ಇಡೋಣವೆಂದರೆ ಮಹಡಿ ಹತ್ತಲು ಕಾಲು ಬಾರದು” ಎಂದರು. ದಕ್ಷಿಣಕ್ಕೆ ಎದುರಾಗಿ ನಾಲ್ಕು ಅಂತಸ್ತಿನ ಕಟ್ಟಡವೆದ್ದಿತ್ತು. ಶಿಷ್ಯರು, “ನಾನೂ ಈ ವರ್ಷ ಅಷ್ಟೇ ಎತ್ತರಕ್ಕೆ ಏರಿಸುತ್ತೇನೆ” ಎಂದರು.

ನಾವು ಅಭ್ಯಾಸಬಲದಿಂದ ಮಕ್ಕಳ ಪಾಟಿಯನ್ನು ತೆಗೆದುಕೊಂಡು ಲೆಕ್ಕ ಮಾಡಿ ತೋರಿಸಿದೆವು. ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಅಂಶ ಉತ್ತರಕ್ಕಿದೆ. ಡಿಸೆಂಬರ್ ತಿಂಗಳ ಕೊನೆಯಲ್ಲಿ ನಡುಹಗಲಿನ ಸೂರ್ಯನು ದಕ್ಷಿಣದಲ್ಲಿ 54 ಅಂಶಗಳಷ್ಟು ಮಾತ್ರ ಏರುವನು. 40 ಅಡಿ ಗೋಡೆಯ ನೆರಳು ಉತ್ತರಕ್ಕೆ ಹತ್ತಿರ ಹತ್ತಿರ 30 ಅಡಿ ಚಾಚುವುದು. 12 ಅಡಿಯ ಓಣಿ ಅದನ್ನು ಹೇಗೆ ತಡೆದೀತು? ಕೆಳಗಿನ ಎರಡು ಅಂತಸ್ತುಗಳಿಗೂ ಕತ್ತಲೆಯೇ ಗತಿ. “ನಿಮ್ಮ ಮನೆಯ ಉತ್ತರಕ್ಕೆ ಯಾರಿದ್ದಾರೆ?” ಎಂದು ಕೇಳಿದೆವು. ಶಿಷ್ಯರು ಉತ್ತರ ಕೊಡಲಿಲ್ಲ.

ಸಂಜೆ ಅವರನ್ನೂ ಕರೆದುಕೊಂಡು ಬಸವನಗುಡಿಯ ಮಾರ್ಗವಾಗಿ ನಡೆದೆವು. 1898ರಲ್ಲಿ ಪ್ಲೇಗು ಬಂದು ಇಕ್ಕಟ್ಟಾದ ಪೇಟೆಯು ತತ್ತರಿಸಿದ ಮೇಲೆ, ಬಸವನಗುಡಿ ಮಲ್ಲೇಶ್ವರಗಳು ಜನರಿಗೆ ಆಶ್ರಯವಾಗಿ ಬೆಳೆದವು. ರೋಗವನ್ನು ತಂದುದು ಇಲಿಯ ಮೈಮೇಲಣ ಚಿಗಟವಾದರೂ, ಆ ಇಲಿಗಳಿಗೆ ಇಂಬು ಕೊಟ್ಟುದು ಕಿಕ್ಕಿರಿದ ಕತ್ತಲೆಯ ಮನೆಗಳು. ಹೊಸ ಬಡಾವಣೆಗಳಲ್ಲಿ ಅಗಲವಾದ ಬೀದಿಗಳನ್ನು ಹಾಕಿ, ಮನೆಯ ಸುತ್ತಲೂ ಬಯಲು ಬಿಡಿಸಿದರು. ಅಂದು ಪ್ರಾಣಭಯದಿಂದ ಕಲಿತ ಪಾಠವು ಇಂದು ಅಲ್ಲಿಯೂ ಮರೆತುಹೋಗುತ್ತಿದೆ. ಹೆಂಚಿನ ಮನೆಗಳಿದ್ದ ನಿವೇಶನಗಳಲ್ಲಿ ಬಹುಮಹಡಿಗಳು ಏಳುತ್ತಿವೆ.

ಗವಿಪುರದ ದೇವಾಲಯದ ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನಗಳೆಂಬ ದೊಡ್ಡ ಶಿಲಾಚಕ್ರಗಳಿವೆ. ಜನಸಂದಣಿಯಲ್ಲಿ ನಾವೂ ನಿಂತೆವು. ಸಂಕ್ರಮಣದ ಇಳಿಬಿಸಿಲು ಕಿಂಡಿಯನ್ನು ಹೊಕ್ಕು, ನಂದಿಯ ಕೊಂಬುಗಳ ನಡುವೆ ಹಾಯ್ದು, ಗವಿಯೊಳಗಿನ ಲಿಂಗವನ್ನು ಮುಟ್ಟುವುದು ಇಲ್ಲಿಯ ಪ್ರಸಿದ್ಧ ವಿಶೇಷ. ಗವಿಯೊಳಗಿನ ಲಿಂಗಕ್ಕೂ ಬಿಸಿಲು ತಲಪುವಂತೆ ಹಿರಿಯರು ದಾರಿ ಬಿಟ್ಟಿದ್ದರು. ಪಶ್ಚಿಮದಲ್ಲಿ ಒಂದು ಎತ್ತರದ ಗೋಡೆ ಎದ್ದರೆ ಆ ದಾರಿಯೂ ಮುಚ್ಚಿಹೋಗುವುದು.

ಹಿಂದಿರುಗುವಾಗ ಶಿಷ್ಯರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಮೇಷ್ಟ್ರೇ, ಉತ್ತರದ ಮನೆಯಲ್ಲಿ ಬಾಣಂತಿಯಿದ್ದಾಳೆ. ಒಂದೇ ಅಂತಸ್ತು ಏರಿಸಿ, ಅದನ್ನೂ ಹಿಂದಕ್ಕೆ ಸರಿಸಿ ಕಟ್ಟುತ್ತೇನೆ” ಎಂದರು.

ಮನೆ ಕಟ್ಟಿಸಲಿರುವ ವಾಚಕರು ಆಯವ್ಯಯಗಳನ್ನು ನೋಡುವಂತೆಯೇ, ತಮ್ಮ ಮನೆಯ ನೆರಳು ಯಾರ ಅಂಗಳದಲ್ಲಿ ಬೀಳುವುದೆಂಬುದನ್ನೂ ಒಮ್ಮೆ ಅಳೆದು ನೋಡಬೇಕೆಂದು ನಮ್ಮ ಪ್ರಾರ್ಥನೆ.